ಕುದುರೆಮುಖದಲ್ಲಿ 2 ದಿನ: ತುದಿಯಲ್ಲಿ ಬರೀ ಮಂಜು, ತೋಟದ ಅಂಚಿನಲ್ಲಿ ಸಿಂಗಳೀಕ

ಕೆಂಡಸಂಪಿಗೆ (ಹಾಸನ)
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. 3 ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದವಳು, ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ನಿಮ್ಮನ್ನು ಪಂಚಾಯ್ತಿಗೆ ಕರೆದಿದ್ದೇನೆ ಅಂತಲೇ ಇಟ್ಟುಕೊಳ್ಳಿ.

ಅಕ್ಟೋಬರ್ ಕೊನೆಯ ಶನಿವಾರ, ಭಾನುವಾರ ನಾನು ಮತ್ತು ನಮ್ಮನೆಯವರು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಮದುವೆಯಾಗಿ 6 ವರ್ಷ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಇಬ್ಬರೇ ಹೊರಟಿದ್ದು ಇದೇ ಮೊದಲು. ಅವರಿಗೆ ಬೆಟ್ಟದ ತುದಿ ಮುಟ್ಟಬೇಕು. ನನಗೆ ಪ್ರಾಣಿ ಪಕ್ಷಿ ನೋಡಬೇಕು. ಒಂದೇ ನಡಿಗೆಯಲ್ಲಿ ಎರಡೂ ಆಗುತ್ತದೆ ಅಂದುಕೊಂಡೆವು.

ಶುಕ್ರವಾರ ಸಂಜೆ ಹಾಸನ ಬಿಟ್ಟು ಬೇಲೂರು, ಮೂಡಿಗೆರೆ ದಾಟಿದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅದನ್ನು ಬಿಟ್ಟು ಮುಂದೆ ಹೋಗಲು ಆಗುತ್ತದಾ? ಕಳಸ ದಾಟಿ ಸಂಸೆ ಹತ್ತಿರ ಉಳಿಯುವ ಜಾಗ ತಲುಪುವಾಗ ರಾತ್ರಿ 10. ಹೋಮ್‌ಸ್ಟೇ ಹೆಸರು ಹೇಳುವುದಿಲ್ಲ. ಫೋಟೋದಲ್ಲಿ ಕಿಟಕಿ ಕಾಡಿನ ಕಡೆ ಇತ್ತು. ಹೋಗಿ ನೋಡಿದರೆ ಜನರೇಟರ್ ಕಡೆ. ಪಕ್ಕದ ಗುಂಪಿನವರ ಸ್ಪೀಕರ್ ನಿಂತಿದ್ದು ರಾತ್ರಿ 12ಕ್ಕೆ. ನಿದ್ದೆಗೆಟ್ಟೇ ಬೆಟ್ಟ ಹತ್ತಿದ್ದು.

ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು. ಅದನ್ನು ರಸ್ತೆ ಅನ್ನುವುದು ಮರ್ಯಾದೆಗೆ ಅಷ್ಟೇ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿದ್ದೆವು, ಜೊತೆಗೆ ಗೈಡ್ ಹುಡುಗ. ಹೋಗಿ ಬರುವುದು ಸೇರಿ ಸುಮಾರು 20 ಕಿ.ಮೀ. ತುದಿಯ ಎತ್ತರ ಸುಮಾರು 1,890 ಮೀಟರ್. ಒಂಟಿ ಮರ, ಲೋಬೋ ಮನೆ, ನಡುನಡುವೆ ತೊರೆಗಳು. ಆಮೇಲೆ ಹುಲ್ಲು, ಹುಲ್ಲು, ಹುಲ್ಲು. ಎರಡು ಗುಡ್ಡ ಸೇರುವ ಸಂದಿಯಲ್ಲಿ ಮಾತ್ರ ಕಪ್ಪಗೆ ಒತ್ತಾಗಿ ಕಾಡು. ಯಾರೋ ಹಸಿರು ಕಂಬಳಿಯ ಮಡಿಕೆಯೊಳಗೆ ಕಾಡನ್ನು ಬಚ್ಚಿಟ್ಟ ಹಾಗೆ. ಅದೇ ಶೋಲಾ ಅಂತ ಗೈಡ್ ಹೇಳಿದ.

ಇಂಬಳ ಇದ್ದವು, ಆದರೆ ಹೆದರಿದಷ್ಟಿಲ್ಲ. ಕಾಲುಚೀಲಕ್ಕೆ ಉಪ್ಪು, ಹೊಗೆಸೊಪ್ಪಿನ ಪುಡಿ ಸವರಿದ್ದೆವು. ಆದರೂ ನನಗೆ 3, ಅವರಿಗೆ 7. ಸಿಹಿ ರಕ್ತ ಅಂತ ಅವರಿಗೊಂದು ಹೆಮ್ಮೆ ಬೇರೆ.

ಪ್ರಾಣಿ? ಕಾಟಿಯ (ಕಾಡುಕೋಣದ) ಸಗಣಿ ಕಂಡಿತು. ಹಸಿ ಸಗಣಿಯೇ. ಕಾಟಿ ಕಾಣಲಿಲ್ಲ. ಹೇಗೆ ಕಂಡೀತು ಹೇಳಿ. ಹಿಂದೆ ಮುಂದೆ ಸಾಲುಸಾಲು ಜನ. ಒಬ್ಬ ಬ್ಯಾಗಿಗೇ ಸ್ಪೀಕರ್ ಸಿಕ್ಕಿಸಿಕೊಂಡಿದ್ದ. ಗೈಡ್ ಎರಡು ಸಲ ಬೈದ ಮೇಲೆ ಆಫ್ ಮಾಡಿದ.

ಕೊನೆಯ ಏರಿನಲ್ಲಿ ನನಗೆ ಉಸಿರು ಹತ್ತಲಿಲ್ಲ. ಅವರು ಒಂದು 10 ನಿಮಿಷ ಮುಂಚೆ ತುದಿ ಮುಟ್ಟಿದ್ದರು. ನಾನು ಹೋಗಿ ನೋಡಿದರೆ ಬರೀ ಮಂಜು. ನನ್ನ ಚಾಚಿದ ಕೈಯೇ ನನಗೆ ಮಸುಕು. ಇವರ ಮುಖದಲ್ಲಿ ಮಾತ್ರ ಏನೋ ಖುಷಿ. ಏನೂ ಕಾಣದೆ ಅದೇನು ಖುಷಿಯೋ! ಚಿತ್ರಾನ್ನದ ಡಬ್ಬ ಬಿಚ್ಚಿದೆವು, ಚಳಿಗೆ ಅನ್ನ ಗಟ್ಟಿಯಾಗಿತ್ತು. ಇಳಿಯುವಾಗ ನನ್ನ ಎರಡೂ ಮೊಣಕಾಲು ಸತ್ಯಾಗ್ರಹ ಮಾಡಿದವು.

ಭಾನುವಾರಕ್ಕೆ ಇವರು ಕುರಿಂಜಲ್ ಬೆಟ್ಟಕ್ಕೆ ಟಿಕೆಟ್ ಮಾಡಿಸಿದ್ದರು. ನಾನು ಬರುವುದಿಲ್ಲ ಅಂದುಬಿಟ್ಟೆ. ಆಗ ಅಡುಗೆಗೆ ಬರುವ ಅಜ್ಜಿ ಕಡುಬು ಬಡಿಸುತ್ತಾ ಕೇಳಿದರು, "ಮಂಗ ನೋಡಕ್ಕೆ ಅಷ್ಟು ಮೇಲೆ ಹತ್ತಿದ್ರಾ? ನಮ್ ತೋಟದ ತುದೀಲಿ ಬಸರಿ ಮರ ಹಣ್ಣಾಗಿದೆ. ಬಾಯಿ ಮುಚ್ಕೊಂಡು ಕೂತ್ರೆ ಅವೇ ಬರ್ತವೆ."

ಭಾನುವಾರ ಬೆಳಗ್ಗೆ ಆರೂವರೆಗೆ ಹೋಗಿ ಕೂತೆವು. ಕಾಫಿ ಗಿಡ ಮುಗಿದು ಕಾಡು ಶುರುವಾಗುವ ಬೇಲಿ. ಮೊದಲ ಒಂದು ಗಂಟೆ ಏನೂ ಇಲ್ಲ. ಇವರು ನೆಟ್‌ವರ್ಕ್ ಇಲ್ಲದ ಫೋನನ್ನು 40 ಸಲ ನೋಡಿದರು. ಟಿಕೆಟ್ ದುಡ್ಡು ನೀರಿಗೆ ಹೋಯ್ತು ಅಂತ 2 ಸಲ ಪಿಸುಗುಟ್ಟಿದರು. ಆಮೇಲೆ ಕುಟ್ರು ಹಕ್ಕಿಗಳು ಬಂದವು. ಯಾರೋ ಗಂಟಲು ಕಟ್ಟಿಕೊಂಡು ನಕ್ಕ ಹಾಗೆ ಸದ್ದು ಮಾಡುತ್ತಾ ಬೂದು ಮಂಗಟ್ಟೆ 2 ಬಂದವು. ಒಂದು ಕೆಂದಳಿಲು ಕೊಂಬೆಯ ಮೇಲೆ ಹೊಟ್ಟೆ ಹಾಸಿ ಮಲಗಿತು, ಬಾಲ ಕೆಳಗೆ ಇಳಿಬಿಟ್ಟುಕೊಂಡು.

8 ಗಂಟೆ ದಾಟಿತ್ತು. ಮೇಲಿನ ಕೊಂಬೆಗಳು ಒಂದರ ಹಿಂದೆ ಒಂದು ಬಾಗತೊಡಗಿದವು. ಗಾಳಿ ಇರಲಿಲ್ಲ. ಕಪ್ಪು ಮೈ, ಮುಖದ ಸುತ್ತ ಬಿಳಿಬೂದು ಕೇಸರ. ಸಿಂಗಳೀಕ! ಎಣಿಸಿದೆವು, 11. ಒಂದು ತಾಯಿಯ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಅವು ಅರ್ಧ ತಿಂದು ಅರ್ಧ ಬೀಳಿಸುತ್ತಿದ್ದವು. ಬಿದ್ದ ಹಣ್ಣಿಗೆ ಕೆಳಗೆ ಒಂದು ಕಾಡುಕುರಿ (ಬೊಗಳುವ ಜಿಂಕೆ) ಬಂತು. ನಮ್ಮಿಂದ 30 ಹೆಜ್ಜೆ ದೂರ ಅಷ್ಟೇ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡವರು ಬಿಡಲೇ ಇಲ್ಲ. ಬಳೆ ಒತ್ತಿದ ಗುರುತು ಇನ್ನೂ ಇದೆ.

ಮನೆಗೆ ಬಂದ ಮೇಲೆ ಶುರುವಾಯಿತು. ಇನ್ನು ಮುಂದೆ ಹೀಗೇ ಕೂರೋಣ ಅಂತ ನಾನು. ಕೂರುವುದಕ್ಕೆ ಅಷ್ಟು ದೂರ ಯಾಕೆ, ಮನೆಯ ಸೋಫಾ ಸಾಲದಾ ಅಂತ ಅವರು. ನೀವು ಹೇಳಿ, ಹತ್ತಬೇಕೋ ಕೂರಬೇಕೋ?

ಚಾರಣದ ಹುಚ್ಚ
ಸೋಮವಾರ, ರಾತ್ರಿ 10:05

ನಿಮ್ಮ ಯಜಮಾನರ ಪಕ್ಷ ನನ್ನದು. 20 ಕಿ.ಮೀ. ನಡೆದವನಿಗೆ ಮಂಜೂ ಒಂದು ನೋಟವೇ. ನಾನು 4 ಸಲ ಹೋಗಿದ್ದೇನೆ, ತುದಿ ಸರಿಯಾಗಿ ಕಂಡದ್ದು ಒಂದೇ ಸಲ. ಪಶ್ಚಿಮಕ್ಕೆ ನೆಲ ಒಮ್ಮೆಲೇ ಕುಸಿದು ಹೋಗುತ್ತದೆ. ಕೆಳಗೆ ಕರಾವಳಿ. ಆ ಒಂದು ಸಲಕ್ಕೆ ಉಳಿದ 3 ಸಲ ಮಾಫಿ.

ಆದರೆ ಸ್ಪೀಕರ್ ತಂದವನನ್ನು ಅಲ್ಲೇ ಇಂಬಳಕ್ಕೆ ಕೊಡಬೇಕಿತ್ತು.

ಅನುಮಾನ ಪಕ್ಷಿ
ಸೋಮವಾರ, ರಾತ್ರಿ 10:31

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನೀವು ನೋಡಿದ್ದು ನಿಜವಾಗಲೂ ಸಿಂಗಳೀಕವಾ? ಕಪ್ಪು ಮುಖ ಕಂಡ ಕೂಡಲೇ ಸಿಂಗಳೀಕ ಅನ್ನುವವರು ಜಾಸ್ತಿ. ಮುಸಿಯಕ್ಕೂ ಮುಖ ಕಪ್ಪೇ. ಬಾಲ ಹೇಗಿತ್ತು ಹೇಳಿ, ಆಮೇಲೆ ನಂಬುತ್ತೇನೆ.

ಕೆಂಡಸಂಪಿಗೆ (ಹಾಸನ)
ಸೋಮವಾರ, ರಾತ್ರಿ 10:44

ಬೇಜಾರಿಲ್ಲ, ಕೇಳಿದ್ದು ಒಳ್ಳೆಯದೇ ಆಯಿತು. ಮುಸಿಯ ನನಗೆ ಗೊತ್ತು. ಅಜ್ಜಿಯ ಊರಿನಲ್ಲಿ ಹಂಚಿನ ಮೇಲೆ ಕುಣಿಯುವುದು ಅದೇ ತಾನೇ. ಅದರ ಮೈ ಬೂದು, ಬಾಲ ಮೈಗಿಂತ ಉದ್ದ. ಇವುಗಳ ಮೈ ಪೂರ್ತಿ ಕಪ್ಪು, ಹೊಳೆಯುವ ಕಪ್ಪು. ಬಾಲ ಗಿಡ್ಡ, ತುದಿಯಲ್ಲಿ ಸಣ್ಣ ಕುಚ್ಚು. ಕೆನ್ನೆಯಿಂದ ಗಲ್ಲದವರೆಗೆ ಸುತ್ತಲೂ ಬಿಳಿ ಕೂದಲು, ಕ್ಷೌರ ಮಾಡಿಸದ ತಾತನ ಹಾಗೆ. ಕೆನ್ನೆಯ ಚೀಲದಲ್ಲಿ ಹಣ್ಣು ತುಂಬಿಕೊಂಡು ಒಂದರ ಮುಖ ಒಂದು ಕಡೆ ಊದಿತ್ತು.

ಅನುಮಾನ ಪಕ್ಷಿ
ಸೋಮವಾರ, ರಾತ್ರಿ 10:52

ಕುಚ್ಚು, ಕೆನ್ನೆಚೀಲ ಎರಡೂ ಹೇಳಿದಿರಿ. ಸೋತೆ. ಮುಸಿಯಕ್ಕೆ ಕೆನ್ನೆಚೀಲ ಇರುವುದಿಲ್ಲ. ನಿಮ್ಮ ಅದೃಷ್ಟಕ್ಕೆ ಹೊಟ್ಟೆ ಉರಿಯುತ್ತಿದೆ, ಅಷ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿಂಗಳೀಕ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ, ಜಗತ್ತಿನಲ್ಲಿ ಇನ್ನೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಅದು ಮರದ ಮೇಲಿನ ಜೀವ. ಕೊಂಬೆಯಿಂದ ಕೊಂಬೆಗೆ ದಾರಿ ಇರಬೇಕು. ನಡುವೆ ರಸ್ತೆ ಅಗಲ ಮಾಡಿದರೆ, ತೋಟಕ್ಕೆ ಅಂತ ಮರ ಕಡಿದರೆ ಗುಂಪು ಅಲ್ಲೇ ತುಂಡಾಗುತ್ತದೆ. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಈ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಗಿದ್ದರ ಹಿಂದೆ ಆ ಕೆಲಸ ಇದೆ. ಹುಲಿಯ ಹೆಸರಲ್ಲಿ ಕಾಡು ಉಳಿದದ್ದು ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ಮಂಗನ ಹೆಸರಲ್ಲಿ ಉಳಿದಿದೆ.

ಎರಡನೇ ಗೇರ್
ಸೋಮವಾರ, ರಾತ್ರಿ 11:10

ಸೋಫಾ ಪಕ್ಷಕ್ಕೆ ನನ್ನ ಒಂದು ಓಟು. ಘಟ್ಟದ ತಿರುವುಗಳಲ್ಲಿ ಗಾಡಿ ಓಡಿಸಿದ್ದಕ್ಕೇ ನನಗೆ 2 ದಿನ ಬೆನ್ನು ನೋವು.

ಸಂಸೆ ಘಟ್ಟದವ
ಮಂಗಳವಾರ, ಬೆಳಗ್ಗೆ 6:15

ಅಕ್ಕ, ನಾನು ಇಲ್ಲಿಯವನೇ. ಜೀಪು ಓಡಿಸುತ್ತೇನೆ, ಸೀಸನ್ನಿನಲ್ಲಿ ಗೈಡ್ ಕೆಲಸವೂ ಮಾಡುತ್ತೇನೆ. ಆ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಪ್ರಾಣಿ ಹುಡುಕುವುದಿಲ್ಲ, ಹಣ್ಣಾದ ಮರ ಹುಡುಕುತ್ತೇವೆ. ಬಸರಿ, ಅತ್ತಿ, ಗೋಳಿ ಜಾತಿಯ ಮರಗಳಿಗೆ ಇಂಥದ್ದೇ ತಿಂಗಳು ಅಂತ ಇಲ್ಲ. ಒಂದು ಮರ ಈಗ ಹಣ್ಣಾದರೆ ಇನ್ನೊಂದು 2 ತಿಂಗಳು ಬಿಟ್ಟು ಆಗುತ್ತದೆ. ಬೇರೆ ಹಣ್ಣು ಇಲ್ಲದ ಕಾಲದಲ್ಲಿ ಕಾಡಿಗೆಲ್ಲ ಅವೇ ಊಟ. ಮೇಲೆ ಮಂಗ, ಮಂಗಟ್ಟೆ. ಕೆಳಗೆ ಕಾಡುಕುರಿ, ಬರಿಂಕ, ಕಾಡುಹಂದಿ. ರಾತ್ರಿ ಪುನುಗಿನ ಬೆಕ್ಕು.

ಕೂರುವುದಕ್ಕೂ ಒಂದು ರೀತಿ ಇದೆ. ನೀವು ಹೋದ ಹೊತ್ತು ಸರಿ. ಬೆಳಗ್ಗೆ 9ರ ಒಳಗೆ, ಇಲ್ಲಾಂದ್ರೆ ಸಂಜೆ 4ರ ಮೇಲೆ. ಗಾಳಿ ನಿಮ್ಮ ಕಡೆಯಿಂದ ಮರದ ಕಡೆ ಬೀಸುತ್ತಿದ್ದರೆ ಜಾಗ ಬದಲಿಸಬೇಕು. ಸೆಂಟ್ ಹಾಕಿಕೊಂಡು ಬಂದವರಿಗೆ ಕಾಡುಕುರಿ ಕಾಣುವುದೇ ಇಲ್ಲ. ಅದು ಮಾತ್ರ ನಿಮ್ಮನ್ನು ಒಂದು ಫರ್ಲಾಂಗು ದೂರದಿಂದಲೇ ತಿಳಿದುಕೊಂಡಿರುತ್ತದೆ. ಕೆಂಪು, ಹಳದಿ ಮಳೆಕೋಟು ಬೇಡ. ಮಂಗಕ್ಕೆ ಬಾಳೆಹಣ್ಣು ತೋರಿಸಬೇಡಿ. ಒಂದು ಸಲ ರಸ್ತೆಗೆ ಇಳಿಯುವುದು ಕಲಿತರೆ ಗಾಡಿಗೆ ಸಿಕ್ಕಿ ಸಾಯುತ್ತವೆ.

ಇನ್ನೊಂದು ಮಾತು. ಉದ್ಯಾನದ ಒಳಗೆ ಹೋಗಿ ಹೀಗೆ ಕೂರಲು ಬಿಡುವುದಿಲ್ಲ. ಗೊತ್ತು ಮಾಡಿದ ದಾರಿ ಬಿಟ್ಟು ಇಳಿಯುವ ಹಾಗಿಲ್ಲ. ನೀವು ಕೂತಿದ್ದು ಹೊರಗೆ, ತೋಟದ ಜಾಗದಲ್ಲಿ. ಕಾರ್ಕಳದ ಕಡೆಯಿಂದ ಬರುವವರು ಗಮನಿಸಿ, ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ನಡುವೆ ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡು ನಿಂತರೆ ಆ ಕಡೆ ಗೇಟಿನಲ್ಲಿ ಲೆಕ್ಕ ಕೇಳುತ್ತಾರೆ.

ಜೀಪಿನ ರಸ್ತೆ ಬಗ್ಗೆ ಬರೆದಿದ್ದೀರಿ. ನಮ್ಮ ಸೊಂಟ ಕೇಳಿ ಅಕ್ಕ, ದಿನಕ್ಕೆ 3 ಟ್ರಿಪ್ಪು.

ಟೌನ್‌ಶಿಪ್ ಹುಡುಗಿ
ಮಂಗಳವಾರ, ಬೆಳಗ್ಗೆ 10:20

ಈ ಚರ್ಚೆ ಓದಿ ತಡೆಯಲಾಗಲಿಲ್ಲ. ನಾನು ಬೆಳೆದಿದ್ದು ಕುದುರೆಮುಖ ಟೌನ್‌ಶಿಪ್‌ನಲ್ಲಿ. ಅಪ್ಪ ಅದಿರಿನ ಕಂಪನಿಯಲ್ಲಿ ಕೆಲಸದಲ್ಲಿದ್ದರು. ನಮ್ಮ ಶಾಲೆಯ ಕಿಟಕಿಯಿಂದ ಕಾಣುತ್ತಿದ್ದುದು ಇದೇ ಬೆಟ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಕಾಣುತ್ತಿರಲಿಲ್ಲ ಅನ್ನಿ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಜಾಗ. ಯೂನಿಫಾರ್ಮ್ ಒಣಗಿಸಲು ಅಮ್ಮ ಇಸ್ತ್ರಿಪೆಟ್ಟಿಗೆಯ ಮೊರೆ ಹೋಗುತ್ತಿದ್ದರು.

ಬೆಟ್ಟದಿಂದ ತೆಗೆದ ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ನಿಲ್ಲುತ್ತಿತ್ತು. ಚಿಕ್ಕವರಿದ್ದಾಗ ನಮಗೆ ಅದು ಹೆಮ್ಮೆ. ಇಡೀ ಊರಿಗೆ ಅದರಿಂದಲೇ ಅನ್ನ. ಭದ್ರಾ ನದಿ ಕೆಂಪಾಗಿ ಹರಿಯುವುದು ಅದರಿಂದಲೇ ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ನಮ್ಮ ಕ್ಲಾಸಿನವರೆಲ್ಲ ಒಬ್ಬೊಬ್ಬರಾಗಿ ಟಿ.ಸಿ. ತೆಗೆದುಕೊಂಡು ಹೋದರು. ಕೊನೆಗೆ ಆಟಕ್ಕೆ ಜನ ಸಾಲದೆ ಖೋ ಖೋ ನಿಂತಿತು.

ಹೋದ ವರ್ಷ ಗಂಡನನ್ನು ಕರೆದುಕೊಂಡು ಹೋಗಿದ್ದೆ. ಕ್ವಾರ್ಟರ್ಸ್ ಗೋಡೆಗಳ ಮೇಲೆ ಪಾಚಿ, ಚಾವಣಿಯಲ್ಲಿ ಗಿಡ. ಇವರು "ಅಯ್ಯೋ ಪಾಪ" ಅಂದರು. ನನಗೆ ಅಳಬೇಕೋ ಖುಷಿಪಡಬೇಕೋ ತಿಳಿಯಲಿಲ್ಲ. ನಾವು ಮಕ್ಕಳು ಆಡುತ್ತಿದ್ದ ಬಯಲಿನ ಅಂಚಿನಲ್ಲಿ ಕಡವೆ ಮೇಯುತ್ತಿತ್ತು.

ಹತ್ತಬೇಕೋ ಕೂರಬೇಕೋ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ 14 ವರ್ಷ ಇದ್ದೆ, ತುದಿಗೆ ಒಂದು ಸಲವೂ ಹತ್ತಿಲ್ಲ!

ಚಾರಣದ ಹುಚ್ಚ
ಮಂಗಳವಾರ, ಬೆಳಗ್ಗೆ 10:48

14 ವರ್ಷ ಅಲ್ಲೇ ಇದ್ದು ಹತ್ತಿಲ್ಲವಾ? ಇದು ಅಪರಾಧ.

ಟೌನ್‌ಶಿಪ್ ಹುಡುಗಿ
ಮಂಗಳವಾರ, ಬೆಳಗ್ಗೆ 10:55

ಮೈಸೂರಿನವರೆಲ್ಲ ವಾರಾವಾರ ಅರಮನೆ ನೋಡುತ್ತಾರಾ?

ಸಕಲೇಶಪುರದ ಕಾಫಿಪುಡಿ
ಮಂಗಳವಾರ, ಮಧ್ಯಾಹ್ನ 1:30

ನೀವೆಲ್ಲ ದುಡ್ಡು ಕೊಟ್ಟು ಪ್ರಾಣಿ ನೋಡಲು ಹೋಗುತ್ತೀರಿ. ನಮ್ಮ ಕಡೆ ಬನ್ನಿ, ಪುಕ್ಕಟೆ. ಮೊನ್ನೆ ರಾತ್ರಿ ಕಾಫಿ ಕಣದಲ್ಲಿ 5 ಆನೆ. ಬಾಳೆ ಪೂರ್ತಿ ಖಾಲಿ, ಗೇಟು ಮಡಚಿ ಇಟ್ಟಿವೆ. ಬೆಳಗ್ಗೆ ಕೆಲಸದ ಹೆಂಗಸರಿಗೆ ತೋಟಕ್ಕೆ ಬರಬೇಡಿ ಅಂತ ಫೋನ್ ಮಾಡಬೇಕು, ಮಕ್ಕಳ ಸ್ಕೂಲ್ ವ್ಯಾನ್ ಬರುತ್ತದೋ ಇಲ್ಲವೋ ಕೇಳಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆಯ ಯಾರನ್ನು ಬೇಕಾದರೂ ಕೇಳಿ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಪ್ರಾಣ ಬಿಟ್ಟಿದ್ದು ನಮ್ಮ ಯಸಳೂರು ಭಾಗದಲ್ಲೇ, ಕಾಡಾನೆ ಹಿಡಿಯುವ ಕೆಲಸದಲ್ಲಿ. ಅವತ್ತು ಊರಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕೆಂಡಸಂಪಿಗೆಯವರೇ, ನಿಮ್ಮ ಬರಹ ಚೆನ್ನಾಗಿದೆ. ಕೊಂಕು ಅಲ್ಲ. "ವನ್ಯಜೀವಿ ವೀಕ್ಷಣೆ" ಅನ್ನುವ ಮಾತು ಕೇಳಿದಾಗ ನಮಗೆ ಬರುವ ನಗು ಬೇರೆ ಥರದ್ದು, ಅಷ್ಟೇ.

ಕೆಂಡಸಂಪಿಗೆ (ಹಾಸನ)
ಮಂಗಳವಾರ, ಮಧ್ಯಾಹ್ನ 2:15

ಒಪ್ಪಿದೆ ಸರ್. ನನ್ನ ತವರು ಆಲೂರು ತಾಲ್ಲೂಕು. ಅಣ್ಣ ಸಂಜೆ ಆರರ ಮೇಲೆ ಬೈಕ್ ಹತ್ತುವುದು ಬಿಟ್ಟು 4 ವರ್ಷ ಆಯಿತು. ಬೇಲಿಯ ಹೊರಗೆ ಕೂತು ನೋಡಿ ಮನೆಗೆ ಬರುವುದಕ್ಕೂ, ಬೇಲಿ ಮುರಿದು ಒಳಗೆ ಬಂದದ್ದರ ಜೊತೆ ಬದುಕುವುದಕ್ಕೂ ಎಲ್ಲಿಂದ ಎಲ್ಲಿಗೆ. ಬರೆಯುವಾಗ ಅದು ನನ್ನ ತಲೆಗೆ ಬರಲಿಲ್ಲ.

ಮುತ್ತೋಡಿ ಮೊಮ್ಮಗ
ಮಂಗಳವಾರ, ಸಂಜೆ 5:40

ಗಂಡ ಹೆಂಡತಿ ಇಬ್ಬರಿಗೂ ಒಪ್ಪುವ ದಾರಿ ಭದ್ರಾ. ಚಿಕ್ಕಮಗಳೂರಿನಿಂದ ಮುತ್ತೋಡಿ ಒಂದೂಕಾಲು, ಒಂದೂವರೆ ಗಂಟೆ ದಾರಿ. ಬೆಳಗ್ಗೆ, ಸಂಜೆ ಜೀಪಿನ ಸಫಾರಿ ಇದೆ. ಅದು ರಾಷ್ಟ್ರೀಯ ಉದ್ಯಾನ ಅಲ್ಲ, ಅಭಯಾರಣ್ಯ. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹುಲಿ ಕಾಣುತ್ತದೆ ಅಂತ ಮಾತು ಕೊಡುವವರನ್ನು ನಂಬಬೇಡಿ. ಕಾಟಿ, ಆನೆ, ಚುಕ್ಕೆ ಜಿಂಕೆಗೆ ಮೋಸ ಇಲ್ಲ. ಬೇಸಿಗೆಯಲ್ಲಾದರೆ ಲಕ್ಕವಳ್ಳಿ ಕಡೆ ಹೋಗಿ. ಭದ್ರಾ ಜಲಾಶಯದ ನೀರು ಇಳಿದಾಗ ಎದ್ದುಬರುವ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ದೋಣಿಯಲ್ಲಿ ಕೂತೇ ನೋಡಬಹುದು, ಮೊಣಕಾಲಿಗೂ ರಜೆ.

ನಮ್ಮ ಅಜ್ಜನ ಮನೆ ಆ ಕಾಡಿನ ಒಳಗೇ ಇತ್ತು. 2002ರ ಹೊತ್ತಿಗೆ ಎಲ್ಲರೂ ಪುನರ್ವಸತಿಗೆ ಅಂತ ಕಾಡಿನ ಹೊರಗೆ ಎಂ.ಸಿ. ಹಳ್ಳಿ ಕಡೆ ಬಂದರು. ಅಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಹತ್ತಿರ. ಗದ್ದೆಗೆ ಆನೆ ಬರುವ ಭಯವೂ ಕಡಿಮೆ. ನಮ್ಮಪ್ಪ ಬಂದದ್ದೇ ಒಳ್ಳೆಯದಾಯಿತು ಅನ್ನುತ್ತಾರೆ. ಅಜ್ಜ ಮಾತ್ರ ಕೊನೆಯವರೆಗೂ ಮಳೆ ಬಂದಾಗಲೆಲ್ಲ "ಅಲ್ಲಿ ಹೊಳೆ ಬಂದಿರಬೇಕು" ಅನ್ನುತ್ತಿದ್ದರು. ನಾನು ಸಫಾರಿ ಜೀಪಿನಲ್ಲಿ ಹೋದಾಗ ನಮ್ಮ ಮನೆಯ ಹಲಸಿನ ಮರ ಹುಡುಕುತ್ತೇನೆ. ಡ್ರೈವರ್ ಹುಲಿ ಹುಡುಕುತ್ತಿರುತ್ತಾರೆ.

ದಾದಿ ಅಕ್ಕ (ಕೊಪ್ಪ)
ಮಂಗಳವಾರ, ರಾತ್ರಿ 8:25

ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಇಂಬಳಕ್ಕೆ ಹೆದರುತ್ತೀರಿ, ಅದು ಸ್ವಲ್ಪ ರಕ್ತ ಕುಡಿದು ಬಿದ್ದು ಹೋಗುತ್ತದೆ. ಎಳೆದು ಕೀಳಬೇಡಿ, ಉಪ್ಪು ಹಾಕಿ, ಆಮೇಲೆ ಗಾಯ ತೊಳೆಯಿರಿ. ಕೆರೆತ 2 ದಿನ ಇರುತ್ತದೆ. ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ನವೆಂಬರ್, ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. ಇದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಹರಡುವುದು ಉಣುಗಿನಿಂದ.

ತುಂಬು ತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಿ. ಒಣಎಲೆ ಮೇಲೆ ನೇರ ಕೂರಬೇಡಿ, ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಕೂರುವ ಪಕ್ಷದವರು ಇದನ್ನು 2 ಸಲ ಓದಿ. ವಾಪಸ್ ಬಂದು ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೋ ಆಸ್ಪತ್ರೆಗೋ ತಿಳಿಸಿ. ಹೋಗಿ ಬಂದ ಮೇಲೆ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬೇಡಿ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಹೆದರಿಸಲು ಬರೆದಿದ್ದಲ್ಲ. ನಾನೂ ಪ್ರತಿ ವರ್ಷ ಹೋಗುವವಳೇ.

ಎರಡನೇ ಗೇರ್
ಮಂಗಳವಾರ, ರಾತ್ರಿ 8:40

ಸೋಫಾ ಪಕ್ಷ ಗಟ್ಟಿಯಾಗುತ್ತಿದೆ.

ಅನುಮಾನ ಪಕ್ಷಿ
ಮಂಗಳವಾರ, ರಾತ್ರಿ 9:00

ಚಾರಣದ ಹುಚ್ಚರಿಗೆ ಒಂದು ಪ್ರಶ್ನೆ. ದಿನಕ್ಕೆ ನೂರಾರು ಜನ ಅದೇ ಕಾಲುದಾರಿಯಲ್ಲಿ ನಡೆದರೆ ಹುಲ್ಲು ಏನಾಗಬೇಕು? ಆ ಹುಲ್ಲುಗಾವಲನ್ನು ಎಲ್ಲರೂ ಬೋಳು ಗುಡ್ಡ ಅಂತಾರೆ. ಬೋಳಲ್ಲ ಅದು. ಮಳೆಯ ನೀರನ್ನು ಹುಲ್ಲು, ಅದರ ಕೆಳಗಿನ ಮಣ್ಣು ಹಿಡಿದಿಟ್ಟುಕೊಂಡು ಶೋಲಾದ ತೊರೆಗಳಿಗೆ ನಿಧಾನವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರಕ್ಕೂ ಹುಟ್ಟೂರು ಇದೇ ಉದ್ಯಾನದ ಗಂಗಾಮೂಲ. ತುಂಗಾ, ಭದ್ರಾ ಕೂಡಲಿಯಲ್ಲಿ ಸೇರಿ ಪೂರ್ವಕ್ಕೆ ಹೋಗುತ್ತವೆ, ನೇತ್ರಾವತಿ ಮಂಗಳೂರಿಗೆ ಇಳಿಯುತ್ತದೆ. ಕಾಲುದಾರಿ ಅಗಲವಾದಷ್ಟೂ ಮೊದಲ ಮಳೆಗೆ ಕೊಚ್ಚಿ ಚರಂಡಿ ಆಗುತ್ತದೆ.

ಚಾರಣದ ಹುಚ್ಚ
ಮಂಗಳವಾರ, ರಾತ್ರಿ 9:22

ಅದಕ್ಕೇ ಅಲ್ವಾ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ಮಾಡಿದ್ದು? ಅದನ್ನು ನಾನೂ ಬೆಂಬಲಿಸುತ್ತೇನೆ, ನನಗೇ 2 ಸಲ ಟಿಕೆಟ್ ಸಿಗದಿದ್ದರೂ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಮುಚ್ಚುತ್ತಾರೆ, ಅದೂ ಸರಿ. ಆದರೆ ನಡೆಯುವವರನ್ನೆಲ್ಲ ಕಳ್ಳರ ಹಾಗೆ ನೋಡಬೇಡಿ. ಹಿಂದಿನ ಸಲ ನಾನು ಇಳಿಯುವಾಗ ಒಂದು ಚೀಲ ತುಂಬ ಬಿಸ್ಕೆಟ್ ಕವರ್ ಹೆಕ್ಕಿಕೊಂಡು ಬಂದೆ. ತೋಟದ ಅಂಚಿನಲ್ಲಿ 300 ಜನ ಕೂತರೆ ನಿಮ್ಮ ಸಿಂಗಳೀಕ ಬರುತ್ತದಾ?

ಅನುಮಾನ ಪಕ್ಷಿ
ಮಂಗಳವಾರ, ರಾತ್ರಿ 9:30

ಅದು ಒಳ್ಳೆಯ ಪೆಟ್ಟು. ಒಪ್ಪಿದೆ.

ಕೆಂಡಸಂಪಿಗೆ (ಹಾಸನ)
ಬುಧವಾರ, ಬೆಳಗ್ಗೆ 7:10

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ದಾದಿ ಅಕ್ಕ, ನಾವು ಒಣಎಲೆ ಮೇಲೇ ಕೂತಿದ್ದೆವು. ನಿಮ್ಮದು ಓದಿದ ಮೇಲೆ ನಿನ್ನೆ ರಾತ್ರಿ ಇಬ್ಬರೂ ಮೈ ತಡವಿಕೊಂಡೆವು. ಏನೂ ಇಲ್ಲ, ಜ್ವರವೂ ಇಲ್ಲ.

ಒಂದು ಪ್ರಶ್ನೆ ಉಳಿದಿದೆ. ಬೈನಾಕ್ಯುಲರ್ ಕೊಳ್ಳೋಣ ಅಂತ. ಅಂಗಡಿಯವರು 10×42 ತೋರಿಸಿದರು, ದೊಡ್ಡದಾಗಿ ಕಾಣುತ್ತದೆ ಅಂತ. ತಗೊಳ್ಳಬಹುದಾ?

ಅನುಮಾನ ಪಕ್ಷಿ
ಬುಧವಾರ, ಬೆಳಗ್ಗೆ 7:45

8×42 ತಗೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 10 ಪಟ್ಟು ಅಂದರೆ ಕೈನಡುಕವೂ 10 ಪಟ್ಟು. 8ರಲ್ಲಿ ಜಾಸ್ತಿ ಜಾಗ ಒಮ್ಮೆಗೇ ಕಾಣುತ್ತದೆ, ಎಲೆ ಮಧ್ಯೆ ಓಡುವ ಮಂಗ ತಪ್ಪಿಹೋಗುವುದಿಲ್ಲ. ಬೆಳಗ್ಗೆ ಮಬ್ಬಿನಲ್ಲಿ ಚಿತ್ರವೂ ಬೆಳ್ಳಗಿರುತ್ತದೆ. ಇಬ್ಬರಿಗೆ ಒಂದೇ ತಗೊಂಡರೆ ಮತ್ತೆ ಜಗಳ, ಅದು ನಿಮಗೆ ಬಿಟ್ಟದ್ದು.

ಕೆಂಡಸಂಪಿಗೆಯ ಯಜಮಾನ
ಬುಧವಾರ, ರಾತ್ರಿ 8:50

ನಮಸ್ಕಾರ. ನಾನೇ ಆ 7 ಇಂಬಳದವನು. 2 ದಿನದಿಂದ ಮನೆಯಲ್ಲಿ ಫೋನ್ ನೋಡಿ ನಗುವುದು ಕಂಡು ಹುಡುಕಿದೆ, ಇಡೀ ಊರಿಗೆ ನನ್ನ ಸೋಫಾ ಮಾತು ಗೊತ್ತಾಗಿದೆ.

ನನ್ನ ಕಡೆಯದನ್ನೂ ಹೇಳಬೇಕಲ್ಲ. ಅವಳು ಬರೆದಿದ್ದರಲ್ಲಿ ಸುಳ್ಳಿಲ್ಲ, ಒಂದು ಮಾತ್ರ ಬಿಟ್ಟುಹೋಗಿದೆ. ಅದು ಅವಳಿಗೂ ಗೊತ್ತಿಲ್ಲ. ನಾನು ತುದಿ ಮುಟ್ಟಿದಾಗ ಮಂಜು ತೆರೆಯಿತು. ಹೆಚ್ಚಂದರೆ ಅರ್ಧ ನಿಮಿಷ. ಕೆಳಗೆ ಶೋಲಾ ಕಾಡು, ಅದರ ಮೇಲೆ ಮೋಡದ ನೆರಳು ಹರಿದು ಹೋಗುತ್ತಿತ್ತು. ಎದುರಿನ ಇಳಿಜಾರಿನ ಹುಲ್ಲಿನಲ್ಲಿ ಕಪ್ಪು ಚುಕ್ಕೆಗಳು. ಕಲ್ಲು ಅಂದುಕೊಂಡೆ. ಒಂದು ಚುಕ್ಕೆ ನಡೆಯಿತು. ಕಾಟಿ. 6 ಇರಬಹುದು, 7 ಇರಬಹುದು. ಅವಳನ್ನು ಕೂಗಿ ಕರೆದೆ. ಗಾಳಿಗೆ ಕೇಳಿಸಲಿಲ್ಲ. ಅವಳು ಕೆಳಗೆ ಕಲ್ಲಿನ ಮೇಲೆ ಕೂತು ಇಂಬಳಕ್ಕೆ ಉಪ್ಪು ಹಾಕುತ್ತಿದ್ದಳು. ಫೋನ್ ಬ್ಯಾಗಿನಲ್ಲಿತ್ತು, ತೆಗೆಯುವಷ್ಟರಲ್ಲಿ ಮಂಜು ಮುಚ್ಚಿತು.

ಪ್ರಾಣಿ ನೋಡಬೇಕು ಅಂತ ಬಂದವಳು ಅವಳು. ಕಂಡದ್ದು ನನಗೆ. ಹೇಳಿದರೆ ಬೇಜಾರಾಗುತ್ತಾಳೆ ಅಂತ ಸುಮ್ಮನಾದೆ. ಮಾರನೇ ದಿನ ಸಿಂಗಳೀಕ ಕಂಡ ಮೇಲಾದರೂ ಹೇಳಬಹುದಿತ್ತು. ಆಗ ಅವಳ ಖುಷಿಯ ಮಧ್ಯೆ ನನ್ನ ಕಾಟಿ ಯಾಕೆ ಅನ್ನಿಸಿತು.

ಟಿಕೆಟ್ ದುಡ್ಡಿನ ಬಗ್ಗೆ ನನ್ನ ಮಾತು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ಟೌನ್‌ಶಿಪ್ ಹುಡುಗಿ
ಬುಧವಾರ, ರಾತ್ರಿ 9:04

ಅಯ್ಯೋ! ಕೆಂಡಸಂಪಿಗೆ, ಓದಿದಿರಾ?

ಕೆಂಡಸಂಪಿಗೆ (ಹಾಸನ)
ಬುಧವಾರ, ರಾತ್ರಿ 9:20

ಓದಿದೆ. ಪಕ್ಕದ ಕೋಣೆಯಲ್ಲಿ ಕೂತು ಇಲ್ಲಿ ಬರೆಯುತ್ತಿದ್ದಾರೆ ನೋಡಿ. ರೀ, 10 ದಿನ ಬಾಯಿ ಬಿಡಲಿಲ್ಲವಲ್ಲ! ಆ ಮುಖದ ಖುಷಿ ಏನು ಅಂತ ಈಗ ಗೊತ್ತಾಯಿತು. ಆರೋ ಏಳೋ ಸರಿಯಾಗಿ ಎಣಿಸಿ ಹೇಳಿ, ನನ್ನ ಡೈರಿಗೆ ಬರೆದುಕೊಳ್ಳಬೇಕು. ಸಾರು ಬಿಸಿ ಮಾಡಿದ್ದೇನೆ, ಬನ್ನಿ.

ಎರಡನೇ ಗೇರ್
ಬುಧವಾರ, ರಾತ್ರಿ 9:26

2 ಬೈನಾಕ್ಯುಲರ್ ತಗೊಳ್ಳಿ.

ಸಂಸೆ ಘಟ್ಟದವ
ಗುರುವಾರ, ಬೆಳಗ್ಗೆ 6:05

ಅಣ್ಣ ನೋಡಿದ ಗುಂಪು ಇರಬೇಕು, ಮೊನ್ನೆ ನಮಗೂ ಆ ಇಳಿಜಾರಿನಲ್ಲೇ ಕಂಡಿತು. 7, ಅದರಲ್ಲಿ ಒಂದು ಕರು. ಬಸರಿ ಮರದ್ದು ನಿನ್ನೆಗೆ ಖಾಲಿ, ಮಂಗ ಆ ಕಡೆ ಇಲ್ಲ. ಹೊಳೆ ಹತ್ತಿರ ಒಂದು ಗೋಳಿ ಮರದ ಕಾಯಿ ಬಣ್ಣ ತಿರುಗುತ್ತಿದೆ. ಇನ್ನು 2 ವಾರ ಆಗಬಹುದು. ಬರುವ ಮುಂಚೆ ಇಲ್ಲೇ ಒಂದು ಮಾತು ಬರೆದು ಕೇಳಿ, ಮರ ನೋಡಿಕೊಂಡು ಬಂದು ಹೇಳುತ್ತೇನೆ.